ಕಾರ್ಡ್ ಐತಾ?

ಚಿಂತಾಮಣಿ ಬಿಟ್ಟು ಕೈವಾರದ ಕಡೆ ತಿರುಗಿದರೆ
ನೀಲಗಿರಿಯೋ ನೀಲಗಿರಿ.
ಆ ಸಾಲು ಮುಗಿಯುವಲ್ಲಿ ನನ್ನ ಮನೆ, ಹಿತ್ತಲಲ್ಲಿ ಪೆಟ್ಟಿಗೆ.
ಪಿಳ್ಳಂಜಿನಪ್ಪ ಕೊಟ್ಟದ್ದು: ಎಂಟು ಚೌಕಟ್ಟು,
ಇರುವೆ ಹತ್ತದ ಹಾಗೆ ಕಾಲಿಗೊಂದು ನೀರಿನ ಬಟ್ಟಲು.
'ಮೂವತ್ತೊಂದು ವರ್ಷ ಊರಿಗೆ ಅಳೆದೆ,
ಇನ್ನು ಇವಕ್ಕೆ ಅಳಿ' ಅಂತ ನಕ್ಕು ಹೋದ.

ಅಳೆಯುವುದು ನನಗೆ ಗೊತ್ತು.
ತಕ್ಕಡಿ ಮುಳ್ಳು ನಿಲ್ಲುವ ಮುಂಚೆ
ಚೀಲ ಎಳೆಯುವುದೂ ಗೊತ್ತು.

ಕಾರ್ತಿಕದಲ್ಲಿ ನೀಲಗಿರಿ ಹೂ ಬಿಟ್ಟಿತು.
ಎರಿಯಲ್ಲಿ ತುಪ್ಪ ತುಂಬಿತು, ಮರಿಗಳು ಸೊರಗಿದವು.
ಒಂದೇ ಮರದ ಬಂಡು, ಮಾಸಲು ಬಣ್ಣದ್ದು;
ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ.
ಹುರಿಗಡಲೆ ಹಿಟ್ಟು ತಟ್ಟೆಯಲ್ಲಿ ಹರವಿ ಇಟ್ಟೆ.
ಒಂದೆರಡು ಬಂದವು, ಮೂಸಿದವು,
ಕಾಲು ಕೊಡವಿಕೊಂಡು ಹೋದವು.
ಸಂಜೆಗೆ ಹಿಟ್ಟು ಕೋಳಿಯ ಪಾಲು.

ಮರುದಿನ ಪೆಟ್ಟಿಗೆ ಬಾಗಿಲಲ್ಲಿ ಕೂತು
ಬರುವವರ ಕಾಲುಗಳನ್ನೇ ನೋಡಿದೆ.
ಮಾಸಲು ಉಂಡೆ ಕಡಿಮೆಯಾಗಿತ್ತು.
ಹಳದಿ, ಅದು ಸಾಸಿವೆ.
ಅರಿಸಿನಕ್ಕೆ ಚಿಟಿಕೆ ಕುಂಕುಮ ಬಿದ್ದ ಹಾಗಿದ್ದದ್ದು ಹುಚ್ಚೆಳ್ಳು.
ಇನ್ನೊಂದು ಬಿಳಿ, ಯಾವುದೆಂದು ತಿಳಿಯಲಿಲ್ಲ.
ಕಣ್ಣೆದುರಿನ ತೋಪು ಬಿಟ್ಟು, ಕೆರೆ ಏರಿ ದಾಟಿ
ಅಷ್ಟು ದೂರ ಹೋಗೆಂದು ಇವಳಿಗೆ ಹೇಳಿದವರು ಯಾರು?
ಹೊತ್ತು ತರುವವಳು ಅದನ್ನು ತಿನ್ನುವವಳಲ್ಲ.
ತಿಂದು ಮರಿಗೆ ಉಣಿಸುವ ಎಳೆಯ ದಾದಿ
ಇನ್ನೂ ಬಿಸಿಲನ್ನೇ ಕಂಡಿಲ್ಲ.
ಕತ್ತಲಲ್ಲಿ ಮೀಸೆಗೆ ಮೀಸೆ ತಾಗಿಸಿ
ಏನು ಕೇಳುತ್ತಾಳೋ, ಏನು ಹೇಳುತ್ತಾಳೋ,
ಲೆಡ್ಜರಿಲ್ಲ, ಸಹಿಯಿಲ್ಲ, ಹೆಬ್ಬೆಟ್ಟಿಲ್ಲ,
ಒಳಗೆ ನಿನ್ನೆ ಕೊರೆಬಿದ್ದದ್ದು
ಇವತ್ತು ಕಾಲಿಗಂಟಿ ಬರುತ್ತದೆ.

ಹುಡುಕಿಕೊಂಡು ಹೋದೆ.
ಏರಿಯಾಚೆ ಗಂಗುಲಮ್ಮನ ಹೊಲ.
ರಾಗಿ ನಡುವೆ ಅಕ್ಕಡಿ ಸಾಲು:
ಅವರೆ, ಸಾಸಿವೆ, ಹುಚ್ಚೆಳ್ಳು, ಬದುವಿಗೆ ಹರಳು,
ಕಾಲಿಟ್ಟ ಕಡೆ ತುಂಬೆ.
ಹೂವಿಗೊಂದರಂತೆ ನನ್ನ ಮನೆಯವು!
'ಏನ್ ಡಿಪೋದಣ್ಣ,
ನಿನ್ನ ಹುಳ ದಿನಾ ಬಂದು ರೇಷನ್ ಎತ್ತುತಾವೆ,
ಕಾರ್ಡ್ ಐತಾ?' ಅಂದಳು.

ನಗಬೇಕಿತ್ತು.
ಡಿಪೋದ ಕಿಟಕಿ ಕಂಬಿ ನೆನಪಾಯಿತು.
ಕಂಬಿಯಾಚೆ ಇದೇ ಗಂಗುಲಮ್ಮ, ಕಂಕುಳಲ್ಲಿ ಕೂಸು,
ಕೂಸಿನ ಕೂದಲು ಕೆಂಚಗೆ, ಹೊಟ್ಟೆ ಮಾತ್ರ ದಪ್ಪ.
'ಅಕ್ಕಿ ಅರ್ಧ ಸಾಕಣ್ಣ,
ಬದಲಿಗೆ ಒಂದು ಹಿಡಿ ಬೇಳೆ ಸಿಗಲ್ವಾ?'
'ಬಂದಿದ್ದು ಕೊಡೋದು' ಅಂದೆ,
ಮುಂದಿನವರ ಹೆಸರು ಕೂಗಿದೆ.

ಮರೆತಿದ್ದಾಳೋ, ಮನಸ್ಸಲ್ಲಿ ಇಟ್ಟುಕೊಂಡಿದ್ದಾಳೋ.
ಆ ಕೂಸು ಏನಾಯಿತೆಂದು ಕೇಳಲು ಬಾಯಿ ಬರಲಿಲ್ಲ.
ಸೊಗಡು ಘಮ್ಮೆನ್ನುವ ಅವರೆಕಾಯಿ ಕಿತ್ತು ಕಿತ್ತು
ನನ್ನ ಟವೆಲ್ಲಿಗೆ ಸುರಿದಳು,
ಸಾಕು ಅಂದರೂ ಇನ್ನೊಂದು ಹಿಡಿ.

ಗಂಟು ಕಟ್ಟಿಕೊಂಡು ಏರಿ ಮೇಲೆ ಬಂದೆ.
ತಲೆಯ ಮೇಲೆ ಒಂದೊಂದೇ ಹಾದು ಹೋಗುತ್ತಿದ್ದವು,
ಕಾಲು ಭಾರ, ಮನೆ ಕಡೆಗೆ.
ನನ್ನ ಕೈಯೋ, ಹಳೇ ಚಾಳಿ,
ದಾರಿಯುದ್ದಕ್ಕೂ ತೂಗುತ್ತಲೇ ಇತ್ತು:
ಎರಡು ಕೆಜಿ ಇರಬಹುದು,
ಎರಡೂಕಾಲು.