ಇಪ್ಪತ್ತು ರೂಪಾಯಿಯ ಕಣ್ಣು

ಸತ್ತ ಸೀಡಿ ಪ್ಲೇಯರು, ಗುಜರಿಯಲ್ಲಿ ಇಪ್ಪತ್ತು ರೂಪಾಯಿ.
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದೆ
ಮೊಬೈಲ್ ರಿಪೇರಿಯ ಇಮ್ದಾದ್ ಅದರ ಹೊಟ್ಟೆ ಬಗೆದು
ಹುರಿಗಡಲೆಯ ಅರ್ಧದಷ್ಟು ಒಂದು ಗಾಜು ತೆಗೆದ.
"ಅಕ್ಕಾ, ಒಂದು ತಲೆಪಿನ್ನು ಕೊಡಿ" ಅಂದ.
ಕೊಟ್ಟೆ. ಜಡೆ ಒಂದು ಕಡೆ ಜಾರಿತು.

ಪಿನ್ನಿನ ಬಾಯಲ್ಲಿ ಗಾಜು, ಗಾಜಿನ ಹಿಂದೆ ಫೋನು,
ಎರಡೂ ಕಡೆ ಅಂಟುವ ಟೇಪಿನ ಒಂದು ಚೂರು.
ಇಷ್ಟೇ.
ಅದಕ್ಕೂ ಮುಂಚೆ ಬರೀ ನೀರಲ್ಲೇ ಮಾಡಿದ್ದನಂತೆ:
ಪೊರಕೆಕಡ್ಡಿಯ ತುದಿಯಿಂದ ಕ್ಯಾಮೆರಾ ಮೇಲೊಂದು ಹನಿ ಇಟ್ಟು
ಫೋನನ್ನು ದೋಸೆಗಿಂತ ನಿಧಾನವಾಗಿ ಮಗುಚಿ...
ಹನಿ ಅಲುಗಿತು, ಇರುವೆ ಓಡಿತು,
ಸಿಕ್ಕಿದ್ದು ಅದು ಬಿಟ್ಟುಹೋದ ಸಕ್ಕರೆಹರಳು,
ನಂದಿಬೆಟ್ಟದ ಬಂಡೆಯಷ್ಟು.

ಅವನಿಗೆ ಗೊತ್ತಿರಲಿಲ್ಲ,
ನಾನು ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸದವಳು.
ಬಿತ್ತನೆ ಕೋಠಿಯಲ್ಲಿ
ಮೊಟ್ಟೆ ಇಟ್ಟು ಮುಗಿಸಿದ ತಾಯಿಚಿಟ್ಟೆಯನ್ನು
ಪುಟ್ಟ ಒರಳಲ್ಲಿ ಅರೆದು, ಒಂದು ಹನಿ ಗಾಜಿಗೆ ಸವರಿ,
ಆರುನೂರು ಪಟ್ಟು ಹಿಗ್ಗಿಸಿ ನೋಡುತ್ತೇನೆ.
ಗಂಟುರೋಗದ ಹೊಳೆವ ಕಾಳು ಕಂಡರೆ
ಅವಳ ಮೊಟ್ಟೆ ಅಷ್ಟೂ ಬೆಂಕಿಗೆ.
ಕಾಣದಿದ್ದರೆ ರೈತರಿಗೆ.
ದಿನಕ್ಕೆ ನೂರಾರು. ಬಲಗಣ್ಣಿನ ನಂಬರು ಏರುತ್ತಲೇ ಇದೆ.
ಐದಕ್ಕೆ ಯಂತ್ರಕ್ಕೆ ಮುಸುಕು, ಬೀರುವಿಗೆ ಬೀಗ.

ಹಾಗಾಗಿ ನನ್ನ ಕಡೆಯದೂ ಸ್ವಲ್ಪ ವಿದ್ಯೆ ಕೊಟ್ಟೆ.
ಫೋಕಸ್ ಹುಡುಕಬೇಡವೋ, ನೀನೇ ಜರುಗು,
ಒಂದು ಕೂದಲೆಳೆ ಮುಂದೆ, ಒಂದು ಕೂದಲೆಳೆ ಹಿಂದೆ.
ಉಸಿರು ಬಿಟ್ಟ ಮೇಲೆ, ಮತ್ತೆ ಎಳೆಯುವ ಮುಂಚೆ
ಒಂದು ಖಾಲಿ ಇರುತ್ತದಲ್ಲ, ಅಲ್ಲಿ ಒತ್ತು.
ಮೊಣಕೈ ಮೇಜಿಗೆ. ಫೋನು ರಾಗಿಚೀಲದ ಮೇಲೆ.
ಟಾರ್ಚಿನ ಬೆಳಕು ಒರಟು, ಅದಕ್ಕೊಂದು ಸೋಸಣಿಗೆ ಬೇಕು:
ಮೊಸರಿನ ಬಿಳಿ ಡಬ್ಬಿಯ ತಳ ಕತ್ತರಿಸಿ ಅಡ್ಡ ಹಿಡಿ.
ದುಡ್ಡು ಬೇಕಿಲ್ಲ, ತಾಳ್ಮೆ ಬೇಕು.
ಅಥವಾ ತಾಳ್ಮೆಯೂ ಅಲ್ಲ, ಕೂತೇ ಇರುವ ಅಭ್ಯಾಸ.

ಭಾನುವಾರ ಷಟರ್ ಅರ್ಧ ಇಳಿಸಿ ಏನೇನೋ ನೋಡಿದೆವು.
ನಾಣ್ಯದ ಅಂಚು, ಸೊಳ್ಳೆಯ ಕಾಲು, ಹಳೇ ರಸೀದಿಯ ಶಾಯಿ,
ಹಿಪ್ಪುನೇರಳೆ ಎಲೆಯ ಬೆನ್ನಿನಲ್ಲಿ
ಬೀದಿ, ಓಣಿ, ಅಡ್ಡರಸ್ತೆ, ನಮ್ಮೂರೇ.
ಗೂಡಿನಿಂದ ಬಿಚ್ಚಿದ ಒಂದೇ ಒಂದು ಎಳೆ ಇಟ್ಟರೆ
ಅದು ಎರಡು. ಒಂದಕ್ಕೊಂದು ಅಂಟಿಕೊಂಡ ಎರಡು.
ಇಮ್ದಾದನ ಅಬ್ಬಾ ನಲವತ್ತು ವರ್ಷ
ಕುದಿನೀರಲ್ಲಿ ಬೆರಳಿಟ್ಟು ಇದನ್ನೇ ತೆಗೆದವರು.
"ಇದು ಎರಡಾ?" ಅಂದರು.
ಫೋನನ್ನು ಕಣ್ಣಿನ ಹತ್ತಿರ ತಂದರು, ಇನ್ನೂ ಹತ್ತಿರ,
ತಂದಷ್ಟೂ ಮಸುಕಾಯಿತು.

ಆಗ ಹುಡುಗ ಕೇಳಿದ್ದು:
"ಚಿಟ್ಟೆಯ ಮುಖ ಹೇಗಿರುತ್ತೆ ಅಕ್ಕಾ?"
ಅರೆದ ಮೇಲೆ ಏನಿರುತ್ತದೆ ಅಂತ ಕೇಳಿದ್ದರೆ
ನಿದ್ದೆಯಲ್ಲೂ ಹೇಳುತ್ತಿದ್ದೆ.

ಸೋಮವಾರ ಫೋನು ಇಸಕೊಂಡು ಹೋದೆ.
ಊಟದ ಬಿಡುವಿನಲ್ಲಿ ಒಬ್ಬಳನ್ನು ಪಕ್ಕಕ್ಕಿಟ್ಟೆ.
ಮೊಟ್ಟೆ ಇಳಿಸಿ ಹಗುರಾದವಳು,
ರೆಕ್ಕೆಯಿದ್ದೂ ಹಾರದವಳು, ಹುಟ್ಟಿದಾಗಿನಿಂದ ತುತ್ತು ಕಾಣದವಳು.
ಅವಳು ನಡುಗಿದಳೋ ನಾನೋ,
ಹದಿನೇಳು ಫೋಟೊದಲ್ಲಿ ಹದಿನಾರು ಬರೀ ಗಂಜಿತಿಳಿ.
ಬಿಡುವು ಮುಗಿಯಿತು. ಅವಳೂ ಒರಳಿಗೆ ಹೋದಳು.
ರೋಗವಿರಲಿಲ್ಲ.

ಸಂಜೆ ಇಮ್ದಾದ್ ಹದಿನೇಳನೆಯದನ್ನು ಹಿಗ್ಗಿಸಿದ.
ಬಾಚಣಿಗೆ ಮೀಸೆ, ಕರಿ ಕಣ್ಣು, ಎರಡೂ ಮಸುಕು.
ಸ್ಪಷ್ಟವಾಗಿ ಬಂದದ್ದು ಅವಳನ್ನು ಹಿಡಿದ ನನ್ನ ಹೆಬ್ಬೆರಳು:
ಸುಳಿಸುಳಿ ಗೆರೆ, ಗೆರೆಯ ಸಂದಿಸಂದಿಗೂ
ರೆಕ್ಕೆಯಿಂದ ಉದುರಿದ ಬಿಳಿ ಹುಡಿ,
ಒಂದೊಂದೂ ಒಂದು ಪುಟ್ಟ ಹೆಂಚು.

"ಫೋಕಸ್ ಬೆರಳಿಗೆ ಹೋಗಿಬಿಟ್ಟಿದೆ, ಅಳಿಸಲಾ?"
ಇರಲಿ ಬಿಡು ಅಂದೆ.
ಮನೆಗೆ ಬಂದು ಕೈ ತೊಳೆಯುವ ಮುಂಚೆ
ಬಚ್ಚಲ ದೀಪದಡಿ ಸ್ವಲ್ಪ ಹೊತ್ತು ಹಿಡಿದು ನಿಂತೆ.
ಬರಿಗಣ್ಣಿಗೆ ಏನೂ ಕಾಣಲಿಲ್ಲ.
ತಲೆಪಿನ್ನು ಇನ್ನೂ ಅವನ ಫೋನಿನಲ್ಲೇ ಇದೆ.