ಜೂನ್ ತಿಂಗಳ ಮತ

ಮಾರ್ಚ್‌ನಲ್ಲೇ ಗೆದ್ದಾಗಿದೆ ಅವನು.
ನಮ್ಮ ಸರದಿ ಜೂನ್‌ಗೆ.
ಕಡೇ ಪಂಕ್ತಿಗೆ ಪಾಯಸ ಉಳಿದಿರುವುದಿಲ್ಲ,
ಎಲೆ ಮಾತ್ರ ಹಾಕಿರುತ್ತಾರೆ, ಶಾಸ್ತ್ರಕ್ಕೆ.

ದಕ್ಷಿಣ ಡಕೋಟಾ. ಚರ್ಚಿನ ನೆಲಮಾಳಿಗೆ.
ಆರ್ಲಿಸ್ ಟ್ವೆಟ್ ಬೆಳಗಿನ ಆರಕ್ಕೇ ಬಂದು
ಪೆನ್ಸಿಲು ಚೂಪು ಮಾಡಿಟ್ಟಿದ್ದಾಳೆ, ಹನ್ನೆರಡು.
ಮತಪತ್ರದಲ್ಲಿ ಐದು ಹೆಸರು;
ನಾಲ್ವರು ಕಣ ಬಿಟ್ಟು ಮನೆ ಸೇರಿ ತಿಂಗಳುಗಳಾದವು.
ಅಚ್ಚು ಹಾಕುವವರಿಗೆ ಯಾರೂ ಹೇಳಲಿಲ್ಲವೋ ಏನೋ.

ಹಿಂದೊಮ್ಮೆ ಒಬ್ಬ ಬಂದಿದ್ದ, ಅನ್ನುತ್ತಾಳೆ.
ವಿಮಾನ ಕೆಟ್ಟು ಇಳಿದದ್ದು. ನಲವತ್ತು ನಿಮಿಷ.
ನಮ್ಮ ಕಾಫಿ ಹೊಗಳಿದ, ಊರಿನ ಹೆಸರು ತಪ್ಪು ಹೇಳಿದ.
ನಾವು ತಿದ್ದಲಿಲ್ಲ. ಅತಿಥಿ, ನೋಡು.

ಮಧ್ಯಾಹ್ನಕ್ಕೆ ಹತ್ತೊಂಬತ್ತು ಮತ.
ಹುಲ್ಲು ಕೊಯ್ಯುತ್ತಿದ್ದ ಡೆಲ್ಮರ್
ಬೂಟು ಬಾಗಿಲಲ್ಲೇ ಬಿಟ್ಟು ಕಾಲುಚೀಲದಲ್ಲಿ ಬಂದ,
ಅಂಗೈ ಮರೆಮಾಡಿ ಗುರುತು ಹಾಕಿದ,
ತೀರ್ಮಾನ ಇನ್ನೂ ತನ್ನ ಕೈಲೇ ಇದ್ದಂತೆ.

ಮೇಲೆ, ಬಹಳ ಮೇಲೆ, ಒಂದು ವಿಮಾನ
ಕರಾವಳಿಯಿಂದ ಕರಾವಳಿಗೆ ಗೆರೆ ಎಳೆಯುತ್ತಿತ್ತು.
ಬಾಗಿಲು ಮುಚ್ಚುವ ಹೊತ್ತು. ಉಳಿದವಳು ಅವಳೊಬ್ಬಳೇ.
ತನ್ನ ಗುರುತಿನ ಚೀಟಿ ತಾನೇ ಕೇಳಿ, ತಾನೇ ತೋರಿಸಿ,
ಮಾರ್ಚ್‌ನಲ್ಲಿ ಸೋತವನ ಹೆಸರಿನ ಮುಂದಿನ
ಸೊನ್ನೆಯನ್ನು ಪೂರ್ತಿ ತುಂಬಿದಳು
ಆರ್ಲಿಸ್, ಗೆರೆ ದಾಟದಂತೆ.