ಶೇಕಡಾ ಹದಿನೈದು

ಅವರು ಕಳಿಸಿದ ಕಡತದಲ್ಲಿ ಕೈ ಇರಲಿಲ್ಲ,
ಕೈಯ ಬಗ್ಗೆ ನಲವತ್ತೊಂದು ಪುಟ ಇತ್ತು.
ಗ್ವೆಂಡಾ ಟ್ರೆಲೋರ್. ವಯಸ್ಸು ನಲವತ್ತೇಳು.
ಕಸುಬು: ಉಣ್ಣೆ ವಿಂಗಡಿಸುವುದು. ಊರು: ಡೆನಿಲಿಕ್ವಿನ್.
ಮುಂಜಾನೆ ಟ್ರಕ್ಕೊಂದು ನಡುಗೆರೆ ದಾಟಿ ಬಂದು
ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು
ನೋಡುವುದಕ್ಕೆ ಇವೆ.
ಮುಟ್ಟುವುದಕ್ಕಿಲ್ಲ.

ನಾನು ಲೆಕ್ಕಿಗ. ವಾಗಾ ವಾಗಾದಲ್ಲಿ
ಹಲ್ಲಿನ ಡಾಕ್ಟರ ಮೇಲ್ಮಹಡಿಯಲ್ಲಿ ಕೂತು
ಬಾರದೇ ಹೋದ ಸಂಬಳಗಳನ್ನು ಕೂಡುವವನು.
ಕೆಳಗೆ ಅವರು ಕೊರೆಯುತ್ತಾರೆ, ಮೇಲೆ ನಾನು.

ಅವಳು ಒಂದೇ ಸಲ ಬಂದದ್ದು. ಕೋಟು ಬಿಚ್ಚಲಿಲ್ಲ.
ಕತ್ತರಿಸಿದ ತುಪ್ಪಟವನ್ನು ಮೇಜಿನ ಮೇಲೆ
ದುಪ್ಪಟಿಯ ಹಾಗೆ ಬೀಸಿ ಹಾಸುತ್ತಾರಂತೆ.
ಒಂದು ಎಳೆ ಕಿತ್ತು, ಕಿವಿಯ ಹತ್ತಿರ ಹಿಡಿದು
ಮೀಟಿದರೆ ಟಿಣ್ ಅನ್ನಬೇಕು.
ಕುರಿಗೆ ಜ್ವರ ಬಂದ ತಿಂಗಳು
ಎಳೆ ಅಲ್ಲಿ ಸಣಕಲು, ಅಲ್ಲೇ ತುಂಡು.
ಹದಿನೆಂಟು ಮೈಕ್ರಾನ್, ಹತ್ತೊಂಬತ್ತು ಮೈಕ್ರಾನ್:
ನಡುವಿನ ಆ ಒಂದನ್ನು ಬೆರಳು ಹೇಳುತ್ತಿತ್ತು,
ಪ್ರಯೋಗಾಲಯ ಆಮೇಲೆ ಹೌದೆನ್ನುತ್ತಿತ್ತು.

ವಿಮೆಯ ಕಡೆಯ ವಕೀಲ, ಹೆಡ್ಲಿ ಕಾರ್ಬಿನ್,
ತೆರಿಗೆ ಪತ್ರಗಳನ್ನು ಇಸ್ಪೀಟಿನಂತೆ ಹರಡಿದ.
ಹಿಂದಿನ ಮೂರು ವರ್ಷ ವರ್ಷಕ್ಕೆ ಹನ್ನೊಂದು ಸಾವಿರ.
ಗಳಿಸದವಳು ಕಳೆದುಕೊಂಡದ್ದೇನು?
ಆ ಮೂರು ವರ್ಷ ತಮ್ಮ ಹಾಸಿಗೆ ಹಿಡಿದಿದ್ದ.
ಅವನಿಗೆ ಗಂಜಿ ತಿನ್ನಿಸಿದ್ದು ಇದೇ ಕೈ,
ಸಂಬಳದ ಚೀಟಿ ಇಲ್ಲದೆ.
ಸೇದದ ಬಾವಿಯಲ್ಲೂ ನೀರು ನೀರೇ,
ಎಂದು ಬರೆಯಲು ನನ್ನ ನಮೂನೆಯಲ್ಲಿ ಜಾಗವಿಲ್ಲ.
'ಗಳಿಕೆ' ಹೊಡೆದುಹಾಕಿ
'ಗಳಿಸುವ ತಾಕತ್ತು' ಎಂದು ತಿದ್ದಿದೆ, ಸಹಿ ಮಾಡಿದೆ.

ಆಮೇಲೆ ಗುಣಾಕಾರ.
ಅರವತ್ತೇಳರವರೆಗೆ ಇಪ್ಪತ್ತು ವರ್ಷ,
ಸಾವಿರದ ನಲವತ್ತು ವಾರ.
ಇಂದೇ ಕೈಸೇರುವ ಹಣ ಮರಿ ಹಾಕುತ್ತದೆಂದು
ಕೋಷ್ಟಕ ಅದನ್ನು ಆರುನೂರ ಅರವತ್ತಾರಕ್ಕೆ ತರಿಯುತ್ತದೆ.
ವಾರಕ್ಕೆ ಒಂಬೈನೂರು ಡಾಲರಿನಂತೆ
ಐದು ಲಕ್ಷ ತೊಂಬತ್ತೊಂಬತ್ತು ಸಾವಿರದ ನಾನೂರು.
ಇದರಲ್ಲಿ ಶೇಕಡಾ ಹದಿನೈದು
ಬಾಳಿನ ಏರುಪೇರಿಗೆಂದು ವಜಾ.

"ಯಾವ ಹದಿನೈದು?" ಅವಳು ಕೇಳಿದಳು.
ಹೇಳಿದೆ: ನಿಮಗೆ ಕಾಯಿಲೆ ಬೀಳಬಹುದಿತ್ತು,
ಕೊಟ್ಟಿಗೆಗಳು ಮುಚ್ಚಬಹುದಿತ್ತು,
ಯಂತ್ರ ಬರಬಹುದಿತ್ತು, ಅಪಘಾತವೂ ಆಗಬಹುದಿತ್ತು.
"ಆಯಿತಲ್ಲ."
ಅದನ್ನು ಬಿಟ್ಟು ಬೇರೆಯದು, ಎಂದೆ.
ಕೆಳಗೆ ಯಾರದೋ ಹಲ್ಲಿಗೆ ಬೈರಿಗೆ ತಗುಲಿತು.

ಏರುಪೇರು ಎಂಬ ಮಾತಿನಲ್ಲಿ
ಏರೂ ಇದೆಯಲ್ಲ, ಎಂದು ಎಂದಾದರೂ
ಯಾವ ನ್ಯಾಯಾಧೀಶರಿಗೂ ಬರೆದಿಲ್ಲ ನಾನು.
ಇಪ್ಪತ್ತೆರಡು ವರ್ಷದಿಂದ ಕಳೆಯುತ್ತಿದ್ದೇನೆ,
ಹಲ್ಲುಜ್ಜಿದಷ್ಟು ಸಲೀಸಾಗಿ.

ಇನ್ನು ಉಳಿದ ತಾಕತ್ತು:
ಉದ್ಯೋಗ ತಜ್ಞೆಯ ಪ್ರಕಾರ ಅವಳು ಫೋನು ಎತ್ತಬಲ್ಲಳು,
ಕಾರು ನಿಲ್ಲಿಸುವ ಜಾಗದಲ್ಲಿ ಚೀಟಿ ಹರಿಯಬಲ್ಲಳು.
ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತೇವೆ ಮಕ್ಕಳಿಗೆ.
ಈ ಮೂರು ಬೆರಳು
ಲೆಕ್ಕಕ್ಕುಂಟು. ಆಟಕ್ಕಿಲ್ಲ.

ಹೊರಡುವಾಗ, ಬಾಗಿಲ ಬಳಿ,
ಅವಳ ಎಡಗೈ ನನ್ನ ಸ್ವೆಟರಿನ ತೋಳು ಹಿಡಿಯಿತು.
ಉಜ್ಜಿತು. ನಿಂತಿತು. ಮತ್ತೆ ಉಜ್ಜಿತು.
"ಇದಕ್ಕೆ ಕಲಿಸುತ್ತಿದ್ದೇನೆ," ಎಂದಳು.
"ಹತ್ತೊಂಬತ್ತು. ಒಳ್ಳೆಯ ಮೆರಿನೊ."
ಎಡಗೈ ಕಲಿತರೆ ಮೊತ್ತ ಇಳಿಯುತ್ತದೆ.
ವರದಿಯಲ್ಲಿ ಹೇಳಬೇಕೇ, ಬಿಡಬೇಕೇ
ಎಂದು ಮನೆಯವರೆಗೂ ಯೋಚಿಸುತ್ತ ಗಾಡಿ ಓಡಿಸಿದೆ.

ರಾತ್ರಿ ಸ್ವೆಟರ್ ಬಿಚ್ಚಿ ಒಳಗಿನ ಚೀಟಿ ನೋಡಿದೆ.
ಅಕ್ರಿಲಿಕ್, ಶೇಕಡಾ ನೂರು.
ತಮಾಷೆಗೆ ಅಂದಳೋ
ಎಂದು ಒಂದು ಗಳಿಗೆ ಆಸೆಪಟ್ಟೆ.
ಮಡಿಸಿ ಕುರ್ಚಿಯ ಮೇಲಿಟ್ಟೆ.